ಗೊರವಯ್ಯನ ಹೆದರಿಕೆ



ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಕಡೆ ಹುಟ್ಟಿ ಬೆಳೆದ ನಿಮ್ಮಲ್ಲಿ ಹಲವರಿಗೆ ದಸರಾ ರಜೆ ಎಂದ ಕೂಡಲೇ ದೇವರಗುಡ್ಡದ ಜಾತ್ರೆ ನೆನಪಾಗುತ್ತದೆ. ಅದು ನಮ್ಮ ಹಬ್ಬವಲ್ಲ, ನಿಜ. ಆದರೆ ಓಣಿಯ ಹುಡುಗರೆಲ್ಲ ಚಕ್ಕಡಿ ಹತ್ತಿ ಹೊರಟಾಗ ಕ್ರೈಸ್ತರ ಮನೆಯ ಮಕ್ಕಳು ಮಾತ್ರ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರೇ? ಎಷ್ಟೋ ಮನೆಗಳಲ್ಲಿ ಅವ್ವ ಸ್ವಲ್ಪ ಗೊಣಗಿ, ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಟ್ಟು ಕಳಿಸಿದ್ದುಂಟು. ಮಂಡಕ್ಕಿ, ಮಿರ್ಚಿ, ಬೆಂಡು ಬತ್ತಾಸು, ಊದುವ ಪೀಪಿ, ತಿರುಗುವ ತೊಟ್ಟಿಲು, ಇವುಗಳ ಆಸೆ ಒಂದು ಕಡೆ. ಇನ್ನೊಂದು ಕಡೆ ಗೊರವಯ್ಯನ ಹೆದರಿಕೆ.

ಕರಿಕಂಬಳಿಯ ಉಡುಪು, ಕವಡೆಯ ಸರ, ಹಣೆ ತುಂಬ ಭಂಡಾರ, ಕೈಯಲ್ಲಿ ಡಮರುಗ. ಮೈಲಾರಲಿಂಗನ, ಅಂದರೆ ದೇವರಗುಡ್ಡದ ಮಾಲತೇಶನ ಸೇವೆಗೆ ದೀಕ್ಷೆ ಪಡೆದವರು ಅವರು. ತಮ್ಮನ್ನು ದೇವರ ನಾಯಿಗಳೆಂದು ಎಣಿಸಿಕೊಂಡು ಬೊಗಳುತ್ತಾರೆ. ಭಕ್ತರು ದೋಣಿಯಲ್ಲಿ ಹಾಕಿದ ಹಾಲು, ಬಾಳೆಹಣ್ಣನ್ನು ನೆಲಕ್ಕೆ ಬಾಗಿ ಬಾಯಿಯಿಂದಲೇ ತಿನ್ನುತ್ತಾರೆ. ದೊಡ್ಡವರಿಗೆ ಅದು ಸೇವೆ ಎಂದು ಗೊತ್ತು. ಐದು ವರ್ಷದ ಮಗುವಿಗೆ ಏನು ಗೊತ್ತು? ಅಪ್ಪನ ಹೆಗಲ ಮೇಲೆ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ಮತ್ತೆ ನೋಡುವುದೊಂದೇ ಗೊತ್ತು.

ಆಮೇಲೆ ಆಯುಧಪೂಜೆಯ ಸಂಜೆಯ ಕಾರ್ಣಿಕ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ 'ಸದ್ದಲೇ' ಎಂದು ಕೂಗಿದ ಕೂಡಲೇ, ಅಷ್ಟು ಹೊತ್ತು 'ಏಳು ಕೋಟಿ' ಎಂದು ಭೋರ್ಗರೆಯುತ್ತಿದ್ದ ಸಾವಿರಾರು ಜನ ಗಪ್ಪಾಗುತ್ತಾರೆ. ಕಂಕುಳಲ್ಲಿದ್ದ ಕೂಸು ಕೂಡ ಅಳು ನಿಲ್ಲಿಸುತ್ತದೆ. ಒಂದೇ ಒಂದು ನುಡಿ. ಆ ಮಾತು ಮುಗಿಯುತ್ತಲೇ ಗೊರವಯ್ಯ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ರೈತರು ಅದರಲ್ಲಿ ಮುಂದಿನ ಮಳೆ ಬೆಳೆಯ ಸುಳಿವು ಹುಡುಕುತ್ತಾರೆ, ರಾಜಕೀಯದವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ. ಮಕ್ಕಳ ತಲೆಯಲ್ಲಿ ಮಾತು ಉಳಿಯುವುದಿಲ್ಲ, ಆ ಮೌನ ಮತ್ತು ಆ ಬೀಳುವಿಕೆ ಉಳಿಯುತ್ತವೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಜಾತ್ರೆಯ ಹೆದರಿಕೆ ಜಾತ್ರೆಯೊಂದಿಗೇ ಮುಗಿಯುತ್ತದೆ, ಮಗು ಅದನ್ನು ನೆನೆದು ನಗುತ್ತದೆ. ಆದರೆ ನಾವು ಆ ಹೆದರಿಕೆಯನ್ನು ಮನೆಗೆ ತಂದು ಇಟ್ಟುಕೊಂಡೆವು. "ಉಣ್ಣದಿದ್ರ ಗೊರವಯ್ಯನ ಕೈಯಾಗ ಕೊಡ್ತೀನಿ ನೋಡು" ಎಂದೆವು. ಅದೇ ಬಾಯಿಂದ, ಅದೇ ಧಾಟಿಯಲ್ಲಿ, "ಭಾನುವಾರ ಪೂಜೆ ತಪ್ಪಿಸಿದ್ರ ದೇವ್ರು ಕಣ್ಣು ಕಿತ್ತಾನ" ಎಂದೂ ಹೇಳಿದೆವು. ಪ್ರಿಯ ತಂದೆತಾಯಿಯರೇ, ಈ ಎರಡು ಮಾತನ್ನು ಒಂದೇ ದಿನ ಕೇಳಿದ ಮಗು ದೇವರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿಕೊಂಡೀತು? ಕಂಬಳಿಯೊಳಗಿನ ಬೆದರುಬೊಂಬೆಯ ಪಕ್ಕದಲ್ಲೇ ಅಲ್ಲವೇ?

ಆ ಗೊರವಯ್ಯನಿಗೂ ನಾವು ಅನ್ಯಾಯ ಮಾಡಿದೆವು. ಜಾತ್ರೆ ಇಲ್ಲದ ದಿನ ಅವನು ಮನೆಮನೆಗೆ ಭಿಕ್ಷೆಗೆ ಬರುವ ನಮ್ಮ ನೆರೆಯವನು. ಹೊಲ, ಮನೆ, ಮಕ್ಕಳು, ಸಾಲ ಎಲ್ಲ ಉಳ್ಳವನು. ಬೇವಿನ ಮರದ ನೆರಳಿನಲ್ಲಿ ಕಂಬಳಿ ತೆಗೆದಿಟ್ಟು ರೊಟ್ಟಿ ಮುರಿಯುವುದನ್ನು ಒಮ್ಮೆ ಕಂಡ ಮಗು ಮುಂದೆ ಅವನಿಗೆ ಹೆದರದು. ಕಾರ್ಣಿಕದ ನುಡಿಯಲ್ಲಿ ನಮ್ಮ ವಿಶ್ವಾಸವಿಲ್ಲ. ಕಾಲಗಳು ತಂದೆಯ ಅಧಿಕಾರದಲ್ಲಿವೆ ಎಂದು ಪ್ರಭುವೇ ಶಿಷ್ಯರಿಗೆ ತಿಳಿಸಿದ್ದಾರೆ, ಇದನ್ನು ಮಕ್ಕಳಿಗೆ ನೇರವಾಗಿಯೇ ಹೇಳೋಣ. ಆದರೆ ಬಿಲ್ಲಿನ ಕೆಳಗೆ ನಿಂತ ರೈತನ ಚಿಂತೆ ಮಳೆಯದು. ಮಳೆಗಾಗಿ ನಾವೂ ಪೂಜೆಯಲ್ಲಿ ಪ್ರಾರ್ಥಿಸುತ್ತೇವೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಕಲಿಸಿತು. ವಿಜಯದಶಮಿಯ ದಿನ ನೆರೆಯವರು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎನ್ನುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವವರು ಇದನ್ನು ಒಮ್ಮೆ ಓದಬೇಕು.

ಪ್ರಭು ಯೇಸುವನ್ನೂ ಶಿಷ್ಯರು ಭೂತವೆಂದು ತಿಳಿದು ಕಿರುಚಿದ್ದರು, ನೆನಪಿದೆಯೇ? ಸಂತ ಮತ್ತಾಯರ ಶುಭಸಂದೇಶದಲ್ಲಿದೆ. ರಾತ್ರಿಯ ಕೊನೆಯ ಜಾವ, ಎದುರುಗಾಳಿ, ನೀರಿನ ಮೇಲೆ ನಡೆದು ಬರುವ ಆಕೃತಿ. ಪ್ರಭು ಆ ಹೆದರಿಕೆಯನ್ನು ಬಳಸಿಕೊಂಡು ಅವರಿಗೆ ಬುದ್ಧಿ ಕಲಿಸಬಹುದಿತ್ತು. ಹಾಗೆ ಮಾಡಲಿಲ್ಲ, ಒಡನೆಯೇ ಮಾತನಾಡಿ ತಾನಾರೆಂದು ತಿಳಿಸಿದರು. ಪೇತ್ರರು ಮುಳುಗತೊಡಗಿದಾಗ ಮೊದಲು ಕೈ ಹಿಡಿದರು, ಅಲ್ಪವಿಶ್ವಾಸದ ಮಾತು ಬಂದದ್ದು ಆಮೇಲೆ. ಈ ಕ್ರಮವನ್ನು ಗಮನಿಸಿ. ಪುನರುತ್ಥಾನದ ಸಂಜೆಯೂ ಹೀಗೆಯೇ ಆಯಿತೆಂದು ಸಂತ ಲೂಕರು ಬರೆಯುತ್ತಾರೆ. ನಡುಗುತ್ತಿದ್ದವರಿಗೆ ಪ್ರಭು ಕೈಕಾಲು ತೋರಿಸಿದರು. ಆದರೂ ನಂಬಿಕೆ ಬಾರದಾಗ ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಅವರ ಎದುರಿಗೇ ಸುಟ್ಟ ಮೀನು ತಿಂದರು. ಸಾವನ್ನು ಗೆದ್ದ ದೇವಕುಮಾರ, ಹೆದರಿದವರ ಮುಂದೆ ಕೂತು ಊಟ ಮಾಡಿದರು!

ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕೆಲವು ಶಾಲೆಗಳಲ್ಲಿ ಅಕ್ಟೋಬರ್ 31ರಂದು ತಲೆಬುರುಡೆ, ಮಾಟಗಾತಿಯ ಮುಖವಾಡಗಳ ಹ್ಯಾಲೊವೀನ್ ನಡೆಯುತ್ತದೆ. ಮಕ್ಕಳನ್ನು ಕಳಿಸಿದರೆ ಪಾಪವೇ ಎಂದು ಕೇಳುವವರಿದ್ದಾರೆ. ಆ ಹೆಸರಿನ ಮೂಲ ಅರ್ಥವೇ ಸಕಲ ಸಂತರ ಹಬ್ಬದ ಮುನ್ನಾ ಸಂಜೆ ಎಂದು. ಕಾಗದದ ಮುಖವಾಡದಿಂದ ವಿಶ್ವಾಸ ಹಾಳಾಗದು. ನನ್ನ ಚಿಂತೆ ಬೇರೆ: ಅಲ್ಲಿ ಯಾವ ಸಣ್ಣ ಮಗು ಅಳುತ್ತಿದೆ, ಅದರ ಕೈಯನ್ನು ಯಾರು ಹಿಡಿದಿದ್ದಾರೆ?

ನವೆಂಬರ್ 2 ಬರುತ್ತಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕ್ಲೂನಿ ಮಠದ ಸಂತ ಓದಿಲೋ ತಮ್ಮ ಮಠಗಳಲ್ಲಿ ಆರಂಭಿಸಿದ ಮೃತರ ಸ್ಮರಣೆಯ ದಿನ. ಸಮಾಧಿಭೂಮಿಗೆ ಹೋಗುವಾಗ ಹೆದರಿಯಾರೆಂದು ಮಕ್ಕಳನ್ನು ಮನೆಯಲ್ಲಿ ಬಿಡಬೇಡಿ. ಅಜ್ಜನ ಕಲ್ಲಿನ ಮೇಲಿನ ಹುಲ್ಲನ್ನು ಅವರಿಂದಲೇ ಕೀಳಿಸಿ, ಹೆಸರನ್ನು ಓದಿಸಿ, ಮೊಂಬತ್ತಿ ಹಚ್ಚಿಸಿ. ಅಜ್ಜ ಎಲೆ ಅಡಿಕೆ ಹಾಕಿಕೊಂಡು ಹೇಗೆ ನಗುತ್ತಿದ್ದರೆಂದು ಹೇಳಿ. ಕತ್ತಲಾಗುವ ಹೊತ್ತಿಗೆ "ಇಲ್ಲಿ ದೆವ್ವ ಇರ್ತಾವೇನು?" ಎಂದು ಮಗು ಕೇಳಿಯೇ ಕೇಳುತ್ತದೆ. ಗದರಬೇಡಿ, ನಗಬೇಡಿ. ಅದನ್ನು ಎತ್ತಿಕೊಂಡು, ಇಲ್ಲಿ ಮಲಗಿರುವವರೆಲ್ಲ ನಮ್ಮವರೇ ಎಂದು ಒಬ್ಬೊಬ್ಬರ ಹೆಸರು ಹೇಳುತ್ತಾ ಬಾಗಿಲ ತನಕ ನಡೆದು ಬನ್ನಿ.