ಕಟ್ಟುವವರ ಸಂಶಯ, ಏರುವವರ ನಂಬಿಕೆ

ಹಡಗಿನ ಸುತ್ತ ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಹಡಗಿನ ಒಡಲು, ಪ್ರೊಪೆಲ್ಲರ್, ಚುಕ್ಕಾಣಿ ಎಲ್ಲವನ್ನೂ ಕಂಪ್ಯೂಟರಿನೊಳಗೆ ಮೂಡಿಸಿ, ಸುತ್ತಲಿನ ನೀರನ್ನು ಸಣ್ಣ ಸಣ್ಣ ಕೋಶಗಳಾಗಿ ಹೋಳು ಮಾಡಿ, ಒಂದೊಂದು ಕೋಶದಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಬಿಡಿಸುತ್ತೇವೆ. ಸಿಎಫ್‌ಡಿ ಎಂದು ಇದಕ್ಕೆ ಹೆಸರು. ಹುಟ್ಟಿದ್ದು ಮಲ್ಪೆಯ ಮೊಗವೀರರ ಮನೆಯಲ್ಲಿ, ಕಚೇರಿ ಬೆಂಗಳೂರಿನ ಇಂದಿರಾನಗರದಲ್ಲಿ, ಮೀನಿಗೆ ಮಾತ್ರ ನನಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯೇ ಆಗಬೇಕು. ಅಲ್ಲಿ ನನಗೆ ಮೀನು ಕೊಡುವ ಭಾಯ್ ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸುತ್ತ ಒಮ್ಮೆ ಕೇಳಿದರು: “ಅಕ್ಕಾ, ನೀವು ಕಂಪ್ಯೂಟರಲ್ಲಿ ಹಡಗಿನ ಲೆಕ್ಕ ಮಾಡ್ತೀರಂತೆ. ಅದರಲ್ಲಿ ಗ್ಯಾರಂಟಿ ಬರುತ್ತಾ?”

“ಗ್ಯಾರಂಟಿ ಬರಲ್ಲ ಭಾಯ್. ಎಷ್ಟರ ಮಟ್ಟಿಗೆ ನಂಬಬಹುದು ಅನ್ನೋದು ಬರುತ್ತೆ.”

“ಹಾಗಾದ್ರೆ ಹತ್ತಿ ಹೋಗೋರು ಏನ್ ಮಾಡ್ಬೇಕು?”

ಪೂರ್ತಿ ಸಾಬೀತಾಗದ ಒಂದರ ಮೇಲೆ ಮನುಷ್ಯ ಪೂರ್ತಿ ಭಾರ ಹಾಕಬಹುದೇ? ಹಾಕಿದರೆ ಅದನ್ನು ಮೂಢತನ ಎನ್ನಬೇಕೇ, ಶ್ರದ್ಧೆ ಎನ್ನಬೇಕೇ? ತತ್ತ್ವಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನೇ ಭಾಯ್ ಕೇಳಿದ್ದರು.

ಮಾರುಕಟ್ಟೆಯಿಂದ ಹೊರಗೆ ಬಂದರೆ ಹತ್ತಿರದಲ್ಲೇ ಸಂತ ಮೇರಿ ಬೆಸಿಲಿಕಾದ ಗೋಪುರ. ಈಗಿರುವ ಕಟ್ಟಡ 1882ರದು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಬಟ್ಟೆ ತೊಟ್ಟ ಭಕ್ತರಿಂದ ಈ ಬೀದಿಗಳು ತುಂಬಿಹೋಗುತ್ತವೆ. ಅದೇ ದಿನ ವೇಳಾಂಕಣ್ಣಿಯಲ್ಲೂ ಹಬ್ಬ. ಮಕಾವ್‌ನಿಂದ ಸಿಂಹಳಕ್ಕೆ ಹೊರಟಿದ್ದ ಪೋರ್ಚುಗೀಸ್ ನಾವಿಕರು ಬಿರುಗಾಳಿಗೆ ಸಿಕ್ಕಿ, ಮಾತೆಗೆ ಹರಕೆ ಹೊತ್ತು, ಆ ದಿನ ಅಲ್ಲಿ ದಡ ಸೇರಿದರೆಂಬುದು ಐತಿಹ್ಯ. ನಮ್ಮ ಮಲ್ಪೆಯದೂ ಹಡಗಿನ ಕಥೆಯೇ. ದ್ವಾರಕೆಯಿಂದ ಬರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ವಸ್ತ್ರ ಬೀಸಿ ಅದನ್ನು ಪಾರುಮಾಡಿದರು, ಅದರಲ್ಲಿದ್ದ ಗೋಪಿಚಂದನದ ಹೆಂಟೆಯೊಳಗಿನ ಕೃಷ್ಣನೇ ಉಡುಪಿಯ ಕೃಷ್ಣ ಎನ್ನುತ್ತಾರೆ. ಮೊಗವೀರರು ನಂಬುವ ಬೊಬ್ಬರ್ಯ ದೈವವಂತೂ ಮುಸ್ಲಿಂ ಬ್ಯಾರಿ ವ್ಯಾಪಾರಿಯೊಬ್ಬನ ಮಗನೆಂದೇ ತುಳು ಪಾಡ್ದನಗಳು ಹಾಡುತ್ತವೆ. ಕಡಲಿನ ಮುಂದೆ ಮತಗಳ ಗೆರೆ ಉಳಿಯುವುದಿಲ್ಲ. ಭಯ ಒಂದೇ, ಮೊರೆ ಒಂದೇ.

ಈ ಮೊರೆಗೂ ನನ್ನ ಲೆಕ್ಕಕ್ಕೂ ಜಗಳವಿದೆಯೆಂದು ನನ್ನ ಸಹೋದ್ಯೋಗಿಗಳಲ್ಲಿ ಅನೇಕರು ತಿಳಿದಿದ್ದಾರೆ. ಮೊರೆಯಿಡುವವರು ನಂಬುತ್ತಾರೆ, ನಾವು ತಿಳಿಯುತ್ತೇವೆ ಎಂಬುದು ಅವರ ವಾದ. ನಮ್ಮ ‘ತಿಳಿಯುವುದು’ ಎಂದರೆ ಏನೆಂದು ಹತ್ತಿರದಿಂದ ನೋಡಬೇಕು.

ಬಂದರಿನ ಟಗ್ ಒಂದನ್ನು ತೆಗೆದುಕೊಳ್ಳಿ. ದೊಡ್ಡ ಹಡಗುಗಳನ್ನು ಎಳೆದು ದಕ್ಕೆಗೆ ತರುವ ಪುಟ್ಟ, ಗಟ್ಟಿ ಹಡಗು ಅದು. ಅದರ ಪ್ರೊಪೆಲ್ಲರಿನ ಸುತ್ತ ನಾಜಲ್ ಎಂಬ ಉಕ್ಕಿನ ಕೊಳವೆ ಇರುತ್ತದೆ. ಪ್ರೊಪೆಲ್ಲರಿನ ಎಲೆಗೂ ನಾಜಲ್‌ಗೂ ನಡುವಿನ ಸಂದಿ ತೀರಾ ಕಿರಿದು. ಉಕ್ಕಿಗೆ ಅಂಟಿದ ನೀರಿಗೆ ಉಕ್ಕಿನದೇ ವೇಗ. ಕೂದಲೆಳೆಯಷ್ಟು ಆಚೆ ಹೋದರೆ ವೇಗ ಬೇರೆಯಾಗುತ್ತದೆ. ಆದ್ದರಿಂದ ಅಲ್ಲಿ ಕೋಶಗಳನ್ನು ಕಾಗದಕ್ಕಿಂತ ತೆಳ್ಳಗೆ, ಪದರದ ಮೇಲೆ ಪದರವಾಗಿ ಜೋಡಿಸುತ್ತೇವೆ. ಒಟ್ಟು ಕೋಶಗಳು ಕೋಟಿ ದಾಟುವುದೂ ಉಂಟು. ಲೆಕ್ಕ ಓಡುವಾಗ ಪರದೆಯ ಮೇಲೆ ಕೆಲವು ಗೆರೆಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಸಮೀಕರಣದ ಎಡ ಬಲಗಳ ನಡುವೆ ಇನ್ನೂ ಎಷ್ಟು ಅಂತರ ಉಳಿದಿದೆ ಎಂಬುದರ ಗುರುತು ಅವು. ಗೆರೆಗಳು ಸಾಕಷ್ಟು ಕೆಳಗಿಳಿದು ನಿಂತಾಗ ‘ಕನ್ವರ್ಜ್ ಆಯ್ತು’ ಎನ್ನುತ್ತೇವೆ. ಆಮೇಲೆ ಬಣ್ಣದ ಚಿತ್ರ ಮೂಡುತ್ತದೆ. ಒತ್ತಡ ಹೆಚ್ಚಿದ್ದಲ್ಲಿ ಕೆಂಪು, ಕುಸಿದಲ್ಲಿ ನೀಲಿ. ಎಲೆಯ ತುದಿಯ ಹಿಂಬದಿ ಕಡುನೀಲಿ ಕಂಡರೆ ನಮಗೆ ಆತಂಕ. ಒತ್ತಡ ಅಷ್ಟು ಇಳಿದರೆ ನೀರು ತಣ್ಣಗಿದ್ದಂತೆಯೇ ಕುದಿದು ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಒಮ್ಮೆಲೇ ಕುಸಿದು ಕಂಚಿನ ಎಲೆಯನ್ನೇ ಕೊರೆದುಹಾಕುತ್ತವೆ.

ಚಿತ್ರ ಎಷ್ಟು ಚೆಂದವಿದ್ದರೂ ಕನ್ವರ್ಜ್ ಆಗುವುದೆಂದರೆ ಸಮೀಕರಣಕ್ಕೆ ಸಮಾಧಾನವಾಯಿತು ಎಂದಷ್ಟೇ. ಸಮುದ್ರಕ್ಕೂ ಸಮಾಧಾನವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಒಂದೊಂದು ಸುಳಿಯನ್ನೂ ಲೆಕ್ಕ ಹಾಕುವ ಶಕ್ತಿ ಕಂಪ್ಯೂಟರಿಗಿಲ್ಲ. ಸುಳಿಗಳ ಸರಾಸರಿ ಪರಿಣಾಮವನ್ನು ಒಂದು ಮಾದರಿಗೆ ಒಪ್ಪಿಸುತ್ತೇವೆ. ಹಲವು ಪ್ರಸಿದ್ಧ ಮಾದರಿಗಳಲ್ಲಿ 0.09 ಎಂಬ ಸಂಖ್ಯೆಯೊಂದು ಕೂತಿರುತ್ತದೆ. ಗೋಡೆಯ ಪಕ್ಕದ ಹರಿವನ್ನು ಅಳೆದು ನೋಡಿದವರು ಪ್ರಯೋಗಕ್ಕೆ ಹೊಂದುವಂತೆ ಆರಿಸಿದ ಸಂಖ್ಯೆ ಅದು. ಯಾವ ಮೂಲತತ್ತ್ವದಿಂದಲೂ ಅದು ತಾನಾಗಿ ಹೊರಡುವುದಿಲ್ಲ.

ಅಡಿಪಾಯಕ್ಕೆ ಇಳಿದರೆ ಇನ್ನೂ ದೊಡ್ಡ ಮಾತಿದೆ. ನಾವು ಬಿಡಿಸುವುದು ನೇವಿಯರ್ 1822ರಲ್ಲಿ ಮಂಡಿಸಿದ, ಸ್ಟೋಕ್ಸ್ 1845ರಲ್ಲಿ ಭದ್ರಪಡಿಸಿದ ಸಮೀಕರಣಗಳನ್ನು. ಮೂರು ಆಯಾಮಗಳಲ್ಲಿ ಇವುಗಳಿಗೆ ಎಲ್ಲ ಕಾಲಕ್ಕೂ ನಯವಾದ ಪರಿಹಾರ ಇದ್ದೇ ಇರುತ್ತದೆಯೇ ಎಂಬುದನ್ನು ಯಾರೂ ಸಾಧಿಸಿಲ್ಲ. ಸಾಧಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದು ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿತು. ಆ ಹಣ ಇನ್ನೂ ಹಾಗೆಯೇ ಇದೆ. ಹಡಗುಗಳು ಮಾತ್ರ ನಿಂತಿಲ್ಲ. ಸ್ಟೋಕ್ಸ್ ಐರ್ಲೆಂಡಿನ ಪಾದ್ರಿಯೊಬ್ಬರ ಮಗ, ದೈವಭಕ್ತ. 1891 ಮತ್ತು 1893ರಲ್ಲಿ ಎಡಿನ್‌ಬರೋದಲ್ಲಿ ಅವರು ದೇವರ ವಿಚಾರವಾಗಿ ಗಿಫರ್ಡ್ ಉಪನ್ಯಾಸಗಳನ್ನು ಕೊಟ್ಟರು. ಸಮೀಕರಣವೂ ಪ್ರಾರ್ಥನೆಯೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಅವರೇ ನಿದರ್ಶನ.

ಆದರೆ ಭಾಯ್ ಕೇಳಿದ ಪ್ರಶ್ನೆಯನ್ನು ಜೀವನಪೂರ್ತಿ ಹೊತ್ತು ತಿರುಗಿದವರು ವಿಲಿಯಂ ಫ್ರೂಡ್. ಹಡಗಿನ ಮಾದರಿಯನ್ನು ನೀರಿನಲ್ಲಿ ಎಳೆದು ನಿಜ ಹಡಗಿನ ಪ್ರತಿರೋಧವನ್ನು ಹೇಳುವ ದಾರಿ ತೋರಿದವರು ಅವರು. ನಮ್ಮ ವರದಿಗಳಲ್ಲೆಲ್ಲ ‘ಫ್ರೂಡ್ ಸಂಖ್ಯೆ’ ಇದ್ದೇ ಇರುತ್ತದೆ. ಅವರ ಅಣ್ಣ ಹರೆಲ್ ಫ್ರೂಡ್, ಮುಂದೆ ಕಾರ್ಡಿನಲ್ ಆದ ಜಾನ್ ಹೆನ್ರಿ ನ್ಯೂಮನ್ನರ ಆಪ್ತ ಗೆಳೆಯ. ವಿಲಿಯಮ್ಮರ ಹೆಂಡತಿ, ಮಕ್ಕಳು ನ್ಯೂಮನ್ನರ ದಾರಿಯಲ್ಲಿ ಕ್ಯಾಥೊಲಿಕರಾದರು. ವಿಲಿಯಂ ಆಗಲಿಲ್ಲ, ಗೆಳೆತನವನ್ನೂ ಬಿಡಲಿಲ್ಲ. ಯಾವ ತೀರ್ಮಾನವನ್ನೂ ಸಂಶಯಾತೀತವೆಂದು ಹಿಡಿಯಬಾರದು, ಸಂಶಯವನ್ನು ಜೀವಂತವಾಗಿಡುವುದೇ ನೈತಿಕ ಕರ್ತವ್ಯ ಎಂಬುದು ಫ್ರೂಡರ ನಿಲುವು. ಸಣ್ಣ ಸಣ್ಣ ಸಂಭವಗಳು ಒಂದರ ಮೇಲೊಂದು ಕೂಡಿ ಬಂದಾಗ ಮನಸ್ಸು ನ್ಯಾಯವಾಗಿಯೇ ನಿಶ್ಚಯಕ್ಕೆ ಬರುತ್ತದೆ, ಮನುಷ್ಯರು ಬದುಕುವುದೇ ಹಾಗೆ ಎಂಬುದು ನ್ಯೂಮನ್ನರ ಉತ್ತರ. ಆ ಉತ್ತರ 1870ರಲ್ಲಿ ‘ಗ್ರಾಮರ್ ಆಫ್ ಅಸೆಂಟ್’ ಎಂಬ ಪುಸ್ತಕವಾಗಿ ಬಂತು. 1879ರಲ್ಲಿ ನ್ಯೂಮನ್ ರೋಮಿನಿಂದ ಗೆಳೆಯನಿಗೆ ಮತ್ತೆ ದೀರ್ಘ ಪತ್ರ ಬರೆಯತೊಡಗಿದ್ದರು. ಅದು ತಲುಪುವ ಮೊದಲೇ ಫ್ರೂಡ್ ದಕ್ಷಿಣ ಆಫ್ರಿಕದಲ್ಲಿ ತೀರಿಕೊಂಡರು.

ನ್ಯೂಮನ್ನರ ಪುಸ್ತಕ ಬಂದ 1870ರಲ್ಲೇ, ಸೆಪ್ಟೆಂಬರಿನಲ್ಲಿ, ‘ಕ್ಯಾಪ್ಟನ್’ ಎಂಬ ಬ್ರಿಟಿಷ್ ಯುದ್ಧನೌಕೆ ಸ್ಪೇನಿನ ಫಿನಿಸ್ಟೆರೆ ಭೂಶಿರದ ಬಳಿ ರಾತ್ರಿಯ ಗಾಳಿಗೆ ಮಗುಚಿತು. 470ಕ್ಕೂ ಹೆಚ್ಚು ಮಂದಿ ಸತ್ತರು. ಅದನ್ನು ಕಲ್ಪಿಸಿದ ಕೌಪರ್ ಕೋಲ್ಸ್ ಕೂಡ ಅದರಲ್ಲೇ ಹೋದರು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಮೊದಲೇ ಆಕ್ಷೇಪ ಎತ್ತಿದ್ದರು. ಹಡಗು ಅಂದುಕೊಂಡದ್ದಕ್ಕಿಂತ ಭಾರವಾಗಿ, ನೀರಿನಲ್ಲಿ ಆಳಕ್ಕೆ ಕೂತಿತ್ತು. ಅದರ ನೆಟ್ಟಗೆ ನಿಲ್ಲುವ ಬಲ 21 ಡಿಗ್ರಿ ವಾಲಿದಾಗಲೇ ಗರಿಷ್ಠ ಮುಟ್ಟಿ, ಆಮೇಲೆ ಕುಸಿಯುತ್ತಿತ್ತು. ಜೊತೆಯಲ್ಲಿದ್ದ ‘ಮೊನಾರ್ಕ್’ ಹಡಗಿಗೆ ಆ ಮಿತಿ ಸುಮಾರು 40 ಡಿಗ್ರಿ. ಆ ರಾತ್ರಿ ಅದು ಉಳಿಯಿತು. ಕೋಲ್ಸ್‌ಗೆ ತನ್ನ ಹಡಗಿನ ಮೇಲೆ ಅಪಾರ ವಿಶ್ವಾಸ, ಅವರ ಪರವಾಗಿ ಪತ್ರಿಕೆಗಳಿದ್ದವು, ಸಂಸತ್ತೂ ಇತ್ತು. ಇಲ್ಲದೆ ಹೋದದ್ದು ಸಂಶಯ. ಅದೂ ಕಟ್ಟುವವರಲ್ಲಿ.

ಫ್ರೂಡರ ಸಂಶಯ ಬರೀ ಮಾತಿನದಾಗಿರಲಿಲ್ಲ. ಡಾರ್ಟ್ ನದಿಯಲ್ಲಿ ಒಂದೇ ಆಕಾರದ ಮಾದರಿಗಳನ್ನು ಮೂರಡಿ, ಆರಡಿ, ಹನ್ನೆರಡಡಿ ಉದ್ದಕ್ಕೆ ಮಾಡಿಸಿ ಎಳೆದು ನೋಡಿದರು. ಟಾರ್ಕಿಯ ಮನೆಯ ಪಕ್ಕ ಕೊಳವನ್ನೇ ಕಟ್ಟಿ, ಮೇಣದ ಮಾದರಿಗಳನ್ನು ಎಳೆದರು. ಅಷ್ಟಕ್ಕೂ ತೃಪ್ತಿಯಾಗದೆ ‘ಗ್ರೇಹೌಂಡ್’ ಎಂಬ ನಿಜವಾದ ಹಡಗನ್ನು ಇನ್ನೊಂದು ಹಡಗಿನಿಂದ ಕಡಲಲ್ಲಿ ಎಳೆಸಿ, ಹಗ್ಗದ ಸೆಳೆತವನ್ನು ಅಳೆದು, ಮಾದರಿಯಿಂದ ಬಂದ ಅಂದಾಜಿನೊಡನೆ ಹೋಲಿಸಿದರು. ನಮ್ಮ ಕಾಲದಲ್ಲೂ 2016ರಲ್ಲಿ ‘ರೀಗಲ್’ ಎಂಬ ಸರಕು ಹಡಗನ್ನು ಕಡಲಲ್ಲಿ ಅಳೆದು, ಆ ಅಂಕಿಗಳನ್ನು ಮುಚ್ಚಿಟ್ಟು, ಬೇರೆ ಬೇರೆ ದೇಶಗಳ ಸಿಎಫ್‌ಡಿ ತಂಡಗಳಿಂದ ಲೆಕ್ಕ ಹಾಕಿಸಲಾಯಿತು. ಒಂದೇ ಹಡಗು, ಅವೇ ಸಮೀಕರಣಗಳು. ಉತ್ತರಗಳು ಮಾತ್ರ ಒಂದೇ ಆಗಿರಲಿಲ್ಲ.

ಲೆಕ್ಕವನ್ನು ಕಡಲಿನ ಪರೀಕ್ಷೆಗೆ ಒಡ್ಡುವ ಈ ವಿನಯ ಪಶ್ಚಿಮದಿಂದ ಬರಬೇಕಾದ್ದೇನೂ ಅಲ್ಲ. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳನ್ನು ಒಪ್ಪುವ ಮಧ್ವರು, ಒಂದು ಜ್ಞಾನ ಯಾವುದನ್ನು ಆಧರಿಸಿ ಬದುಕಿದೆಯೋ ಆ ‘ಉಪಜೀವ್ಯ’ವನ್ನೇ ಅದು ಅಲ್ಲಗಳೆಯಲಾಗದು ಎನ್ನುತ್ತಾರೆ. ನನ್ನ ಲೆಕ್ಕ ಸಮುದ್ರವನ್ನು ಉಪಜೀವಿಸುತ್ತದೆ. ಎರಡೂ ಬೇರೆ ಹೇಳಿದಾಗ ಬಾಯಿ ಮುಚ್ಚಬೇಕಾದದ್ದು ಲೆಕ್ಕ. ಕಿವಿರು ಕಪ್ಪಾಗಿದ್ದರೆ ಮಾರುವವರು ಎಷ್ಟೇ ಆಣೆ ಇಟ್ಟರೂ ಮೀನು ತಾಜಾ ಆಗುವುದಿಲ್ಲವಲ್ಲ, ಹಾಗೆ. ಕೇರಳದ ಪರಮೇಶ್ವರ 1431ರಲ್ಲಿ ‘ದೃಗ್ಗಣಿತ’ ಬರೆದದ್ದೂ ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಒಪ್ಪಬೇಕೆಂಬ ಹಟದಿಂದಲೇ. ಬೆಂಗಳೂರಿನಲ್ಲೇ ಬಾಳಿ, ಪ್ರಕ್ಷುಬ್ಧ ಹರಿವಿನ ಅಧ್ಯಯನಕ್ಕೆ ಜಗತ್ತಿನಲ್ಲಿ ಹೆಸರಾದ ರೊದ್ದಂ ನರಸಿಂಹ ಅವರು ಈ ಪರಂಪರೆಯನ್ನು ಗೌರವದಿಂದ ವಿವೇಚಿಸಿದರು. ಅವರು ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ನಿರ್ದೇಶಕರಾಗಿದ್ದಾಗಲೇ, 1986ರಲ್ಲಿ, ಹರಿವಿನ ಲೆಕ್ಕಕ್ಕೆಂದು ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಈ ಊರಿನಲ್ಲಿ ಸಿದ್ಧವಾಯಿತು. ನಮ್ಮ ಕಸುಬಿನ ಹಿರಿಯರು ಇವರೆಲ್ಲ.

ಹಾಗಾದರೆ ಹತ್ತಿ ಹೋಗುವವರು ಏನು ಮಾಡಬೇಕು? ನನ್ನ ಸೋದರಮಾವ ಮಲ್ಪೆಯಲ್ಲಿ ತಾಂಡೇಲರಾಗಿದ್ದವರು, ಎಂದರೆ ಬೋಟು ನಡೆಸುವ ಮುಖ್ಯಸ್ಥರು. ಮಳೆಗಾಲದ ರಜೆ ಮುಗಿದು ಕಡಲಿಗಿಳಿಯುವ ಹಂಗಾಮು ಬಂದಾಗ ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುತ್ತಿದ್ದರು. ಇದರಿಂದ ಅಲೆ ತಗ್ಗುತ್ತದೆಯೇ ಎಂದು ಕಾಲೇಜಿನ ದಿನಗಳಲ್ಲಿ ನಾನು ಕೇಳಿದ್ದಕ್ಕೆ ಅವರು ತುಳುವಿನಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಅಲೆ ತಗ್ಗಲೆಂದು ಯಾರೂ ಕೇಳಿಕೊಳ್ಳುವುದಿಲ್ಲ, ಅಲೆಯ ಮೇಲೆ ಹೋಗುವ ಧೈರ್ಯ ಕೇಳಿಕೊಳ್ಳುತ್ತೇವೆ, ಬೋಟಿನ ಗಟ್ಟಿತನ ನೋಡಬೇಕಾದದ್ದು ಮನುಷ್ಯರು, ಅದನ್ನು ದೇವರ ಮೇಲೆ ಹಾಕಬಾರದು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಡಿಯಲ್ಲಿ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಕರಾವಳಿ ಎಷ್ಟು ಹರಕೆ ಹೊತ್ತಿತೆಂದು ಬಲ್ಲೆ. ಯಾವ ಹರಕೆಯೂ ಅವರನ್ನು ತಂದುಕೊಡಲಿಲ್ಲ, ಯಾವ ಲೆಕ್ಕವೂ ತಂದುಕೊಡಲಿಲ್ಲ. ಆಮೇಲೂ ಬೋಟುಗಳು ಹೊರಟವು, ಏಕೆಂದರೆ ಹೊರಡದೆ ಬದುಕಿಲ್ಲ. ಅಂಥವರ ನಂಬಿಕೆಯನ್ನು ಅಜ್ಞಾನವೆನ್ನುವ ಹಕ್ಕು ದಡದ ಮೇಲೆ ಕೂತ ನನಗಿಲ್ಲ. ಇಲ್ಲಿ ನಾನು ನ್ಯೂಮನ್ನರ ಕಡೆಗೆ: ಹೊರಡಲೇಬೇಕಾದವರಿಗೆ ನಿಶ್ಚಯ ಬೇಕು, ಸಂಶಯವನ್ನು ಹೊತ್ತು ಬಲೆ ಎಳೆಯಲಾಗದು. ನನ್ನ ಕುರ್ಚಿಯಲ್ಲಿ ಕೂತಾಗ ನಾನು ಫ್ರೂಡರ ಕಡೆಗೆ. ಏರುವವರ ನಂಬಿಕೆ ಎಷ್ಟು ದೊಡ್ಡದೋ ಕಟ್ಟುವವರ ಸಂಶಯವೂ ಅಷ್ಟೇ ದೊಡ್ಡದಿರಬೇಕು. ಅವರು ನೆಮ್ಮದಿಯಿಂದ ನಂಬಲೆಂದು ನಾವು ಅವರ ಪರವಾಗಿ ಸಂಶಯಪಡುವುದು, ಇದೇ ನಮ್ಮ ಧರ್ಮ. ಲೆಕ್ಕದಲ್ಲಿ ಬಿಟ್ಟದ್ದೇನು, ಅಂದಾಜು ಮಾಡಿದ್ದೇನು ಎಂಬುದನ್ನು ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕದೆ ಮೊದಲ ಪುಟದಲ್ಲೇ ಬರೆಯಬೇಕು. ಕೇಳಿದವರಿಗೆ ಇಷ್ಟವಾಗಲಿ, ಆಗದಿರಲಿ.

ಇನ್ನೊಂದು ಮಾತನ್ನು ನನ್ನ ಕಸುಬಿನವರಿಗೆ ಹೇಳಲೇಬೇಕು. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಅಲ್ಲಿ ಟಗ್‌ಗಳೂ ನಾರ್ವೆಯ ವಿಲ್ಸನ್ ಕಂಪನಿಗಾಗಿ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳೂ ತಯಾರಾಗುತ್ತವೆ. ಅಂಥ ಹಡಗುಗಳ ಹಿಂದೆ ನಮ್ಮಂಥವರ ಲೆಕ್ಕ, ಪರೀಕ್ಷೆ, ಮರುಪರೀಕ್ಷೆ ಎಲ್ಲ ಇರುತ್ತದೆ. ಅದೇ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ಬಹುಪಾಲು ಕಟ್ಟುವವರ ಕೈಯ ಅನುಭವವನ್ನೇ ನಂಬಿ ನೀರಿಗಿಳಿಯುತ್ತವೆ. ಆ ಅನುಭವ ದೊಡ್ಡದು, ಆದರೆ ಅದನ್ನು ಅಳೆದು, ಪ್ರಶ್ನಿಸಿ, ಇನ್ನಷ್ಟು ಭದ್ರಪಡಿಸಲು ನಾವು ಹೋಗಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ನಾವು ಆರಿಸಿ ಕೊಳ್ಳುವ ಮೀನು ಬರುವುದು ಇಂಥ ಬೋಟುಗಳಿಂದಲೇ. ದೊಡ್ಡ ಹಡಗಿಗೆ ಸಿಗುವ ಸಂಶಯದಲ್ಲಿ ಒಂದು ಪಾಲು ಅವುಗಳಿಗೂ ಸಲ್ಲಬೇಕು. ಈ ವಿದ್ಯೆ ಬಲ್ಲ ಯುವ ಎಂಜಿನಿಯರುಗಳೇ, ವರ್ಷಕ್ಕೆ ಒಂದಾದರೂ ಬೋಟಿನ ಲೆಕ್ಕವನ್ನು ಹಣ ಕೇಳದೆ ಮಾಡಿಕೊಡಿ. ಮಾಡುವ ಮೊದಲು ದಕ್ಕೆಗೆ ಹೋಗಿ ಆ ಬೋಟಿನ ತಾಂಡೇಲರ ಮಾತು ಕೇಳಿ.