ವಾಚಿನ ಬೆಲೆ ಕೊಟ್ಟವರು ಯಾರು?

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಹತ್ತು ಸಾವಿರ ಡಾಲರಿನ ವಾಚು ತಗೊಂಡಿದ್ದೀರಿ ಅಂತ ಇಟ್ಕೊಳ್ಳಿ. ಭಾನುವಾರ ಬೆಳಿಗ್ಗೆ ಊರಿಂದ ಅಮ್ಮ ವಿಡಿಯೋ ಕಾಲ್ ಮಾಡ್ತಾರೆ. ಮಾತಾಡ್ತಾ ನೀವು ಕೈ ಎತ್ತಿದಾಗ ವಾಚು ಕಾಣಿಸುತ್ತೆ. "ಹೊಸದಾ? ಎಷ್ಟು ಕೊಟ್ಟೆ?" ಅಂತ ಕೇಳ್ತಾರೆ. ನೀವೇನು ಹೇಳ್ತೀರಿ?

ನಾನೇನು ಹೇಳ್ತೀನಿ ಅನ್ನೋದು ವಾಚು ಕೊಳ್ಳೋ ಮೊದಲೇ ನನಗೆ ಗೊತ್ತಿತ್ತು. "ಸೇಲ್‌ನಲ್ಲಿ ಸಿಕ್ತಮ್ಮ, ಇನ್ನೂರು ಡಾಲರ್." ವಾಚು ಇನ್ನೂ ಅಂಗಡಿಯಲ್ಲೇ ಇತ್ತು, ಸುಳ್ಳು ಆಗಲೇ ಮನೆಗೆ ಬಂದುಬಿಟ್ಟಿತ್ತು.

ಒಂದೂವರೆ ವರ್ಷದ ಹಿಂದೆ ಇಲ್ಲಿನ ಅಂಗಡಿಯೊಂದರಲ್ಲಿ ರೋಲೆಕ್ಸ್ ಸಬ್‌ಮರೀನರ್‌ಗೆ ಹೆಸರು ಬರೆಸಿ ಬಂದಿದ್ದೆ. ಈ ವಾಚನ್ನು ಹೋದ ತಕ್ಷಣ ಕೊಡೋದಿಲ್ಲ, ಕಾಯಬೇಕು. ಕಳೆದ ತಿಂಗಳು ಫೋನ್ ಬಂತು. ವಾಚು ಬಂದಿದೆ, ಶನಿವಾರದೊಳಗೆ ಬಂದು ತಗೊಂಡು ಹೋಗಿ, ಇಲ್ಲಾಂದ್ರೆ ಮುಂದಿನವರಿಗೆ ಕೊಡ್ತೀವಿ ಅಂದರು. ತೆರಿಗೆ ಸೇರಿ ಸುಮಾರು ಹತ್ತು ಸಾವಿರ ಡಾಲರ್. ಬ್ಯಾಂಕಿನಲ್ಲಿ ಹಣ ಇತ್ತು, ಸಾಲ ಮಾಡಬೇಕಾಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು ನಾಲ್ಕು ದಿನ ಮತ್ತು ಒಂದು ಸುಳ್ಳು. ಆ ನಾಲ್ಕು ದಿನ ನಾನು ಏನು ಯೋಚನೆ ಮಾಡಿದೆ ಅಂತ ನಿಮಗೆ ಹೇಳಬೇಕು. ನಿಮ್ಮ ಪ್ರಶ್ನೆ ವಾಚಿನದ್ದೇ ಆಗಿರಬೇಕಿಲ್ಲ. ಕಾರು, ಬ್ಯಾಗು, ದೊಡ್ಡ ಮನೆ, ಏನಾದರೂ ಇರಬಹುದು.

ಮೊದಲು ಈ ವಸ್ತು ಏನು ಅಂತ ನೋಡೋಣ. 1953ರಲ್ಲಿ ಶುರುವಾದ ಸಬ್‌ಮರೀನರ್ ಮುಳುಗುಗಾರರಿಗೆ ಅಂತ ಮಾಡಿದ ವಾಚು. ಇವತ್ತಿನ ಮಾದರಿ 300 ಮೀಟರ್ ಆಳದ ನೀರಿನಲ್ಲೂ ಕೆಲಸ ಮಾಡುತ್ತೆ. ಹವ್ಯಾಸಕ್ಕೆ ಸ್ಕೂಬಾ ಡೈವಿಂಗ್ ಮಾಡೋರು ಇಳಿಯಬಹುದಾದ ಮಿತಿ ಸಾಮಾನ್ಯವಾಗಿ 40 ಮೀಟರ್. ನನಗಂತೂ ಈಜೇ ಬರಲ್ಲ.

ಸಮಯ ತೋರಿಸೋ ವಿಷಯಕ್ಕೆ ಬಂದರೆ, 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಆಸ್ಟ್ರಾನ್ ಅನ್ನೋ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಇಟ್ಟಿತು. ಇವತ್ತಿನ ಕ್ವಾರ್ಟ್ಜ್ ವಾಚಿನೊಳಗೆ ಇರೋ ಸಣ್ಣ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಸಬ್‌ಮರೀನರ್‌ನ ಚಕ್ರ ಸೆಕೆಂಡಿಗೆ ಎಂಟು ಸಲ ಮಿಡಿಯುತ್ತೆ. ಇದರ ಕಂಪನಿಯೇ ಹೇಳೋ ಪ್ರಕಾರ ದಿನಕ್ಕೆ ಎರಡು ಸೆಕೆಂಡ್ ಹೆಚ್ಚುಕಮ್ಮಿ ಆಗಬಹುದು. 1989ರಲ್ಲಿ ಬಂದ ಕ್ಯಾಸಿಯೋ ಎಫ್-91ಡಬ್ಲ್ಯೂ ಅನ್ನೋ ಪ್ಲಾಸ್ಟಿಕ್ ವಾಚಿನಲ್ಲಿ ತಿಂಗಳಿಗೆ ಮೂವತ್ತು ಸೆಕೆಂಡ್, ಅಂದರೆ ದಿನಕ್ಕೆ ಹೆಚ್ಚುಕಮ್ಮಿ ಒಂದು. ಸಮಯಪಾಲನೆಯಲ್ಲಿ ಅಗ್ಗದ ಕ್ಯಾಸಿಯೋನೇ ಮುಂದು.

ಕ್ವಾರ್ಟ್ಜ್ ಬಂದು ಸ್ವಿಸ್ ವಾಚುಗಳ ಬುಡ ಅಲ್ಲಾಡೋ ಹೊತ್ತಿಗೆ, 1972ರಲ್ಲಿ ಓಡಮಾರ್ ಪಿಗೆ ಕಂಪನಿ ರಾಯಲ್ ಓಕ್ ಅನ್ನೋ ವಾಚು ತಂದಿತು. ವಿನ್ಯಾಸ ಮಾಡಿದ್ದು ಜೆರಾಲ್ಡ್ ಜೆಂಟಾ. ಅದು ಉಕ್ಕಿನ ವಾಚು, ಆದರೆ ಬೆಲೆ 3,300 ಸ್ವಿಸ್ ಫ್ರಾಂಕ್. ಎಷ್ಟೋ ಚಿನ್ನದ ವಾಚುಗಳಿಗಿಂತ ದುಬಾರಿ. ಐಷಾರಾಮಿ ಸ್ಪೋರ್ಟ್ಸ್ ವಾಚು ಅನ್ನೋ ಜಾತಿ ಹುಟ್ಟಿದ್ದು ಅಲ್ಲಿಂದ ಅಂತ ಎಲ್ಲರೂ ಹೇಳ್ತಾರೆ. ಗಮನಿಸಿ, ಮುಳ್ಳಿನ ವಾಚಿನ ಉಪಯೋಗ ಕಮ್ಮಿ ಆಗೋಕೆ ಶುರುವಾದ ಕಾಲದಲ್ಲೇ ಅದರ ಬೆಲೆ ಏರೋಕೆ ಶುರುವಾಯಿತು.

ಹಾಗಾದರೆ ನನಗೆ ಯಾಕೆ ಬೇಕು? ನನ್ನ ಕೆಲಸ ಡೇಟಾ ಸೈನ್ಸ್. ಮೊದಲು ತೀರ್ಮಾನ ಮಾಡಿ ಆಮೇಲೆ ಅದಕ್ಕೆ ತಕ್ಕ ಡೇಟಾ ಹುಡುಕೋದು ತಪ್ಪು ಅಂತ ಆಫೀಸಿನಲ್ಲಿ ಕಿರಿಯರಿಗೆ ಪಾಠ ಹೇಳ್ತೀನಿ. ಮನೆಯಲ್ಲಿ ಕೂತು ಅದನ್ನೇ ಮಾಡಿದೆ.

ಮೊದಲ ಕಾರಣ, ಇದು ಹೂಡಿಕೆ. ಪಾಲ್ ನ್ಯೂಮನ್ ಅನ್ನೋ ನಟನ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಆದರೆ ಸುದ್ದಿ ಆಗೋದು ಗೆದ್ದ ವಾಚು ಮಾತ್ರ. ಡ್ರಾಯರಿನಲ್ಲಿ ಬಿದ್ದಿರೋ ಸಾವಿರಾರು ವಾಚುಗಳ ಕತೆ ಯಾರೂ ಬರೆಯಲ್ಲ. 2022ರ ಶುರುವಿನಲ್ಲಿ ತುತ್ತತುದಿಗೆ ಏರಿದ ಸೆಕೆಂಡ್‌ಹ್ಯಾಂಡ್ ಬೆಲೆಗಳು ಆಮೇಲೆ ಇಳಿದವು. ಅಲ್ಲದೆ ಮಾರೋ ಯೋಚನೆ ನನಗೆ ಇರಲೇ ಇಲ್ಲ. ಮಾರದೇ ಇರೋದಾದ್ರೆ ಅದೆಂಥ ಹೂಡಿಕೆ?

ಎರಡನೇದು, ಕುಶಲ ಕೆಲಸಕ್ಕೆ ಗೌರವ. ಇದರಲ್ಲಿ ನಿಜ ಇದೆ. ಬ್ಯಾಟರಿ ಇಲ್ಲದೆ, ಬರೀ ಸ್ಪ್ರಿಂಗು ಚಕ್ರಗಳಿಂದ ಇಷ್ಟು ನಿಖರವಾಗಿ ನಡೆಯೋ ಯಂತ್ರ ಮನುಷ್ಯರ ದೊಡ್ಡ ಸಾಧನೆ. ಆದರೆ ಹಳೇಬೀಡಿಗೆ ಹೋದಾಗ ನಾವು ಶಿಲ್ಪ ನೋಡಿ, ಕಣ್ತುಂಬಿಕೊಂಡು ವಾಪಸ್ ಬರ್ತೀವಿ. ಒಂದು ಮದನಿಕೆಯನ್ನ ಕಿತ್ತು ಮನೆಗೆ ತರಬೇಕು ಅನ್ಸೋದಿಲ್ಲ. ಗೌರವಕ್ಕೆ ಒಡೆತನ ಬೇಕಿಲ್ಲ.

ಮೂರನೇದು, ನನ್ನ ದುಡಿಮೆ, ನನ್ನ ಹಣ. ಇದನ್ನ ಕೊನೆಯಲ್ಲಿ ಎತ್ಕೊಳ್ತೀನಿ.

ನಾಲ್ಕನೇದು ನಿಜವಾದ ಕಾರಣ, ಅದು ಹೊರಗೆ ಬರೋಕೆ ಎರಡು ದಿನ ಹಿಡೀತು. ಮಾಸ್ಟರ್ಸ್ ಓದೋಕೆ ಬಂದ ವರ್ಷ ಒಂದು ಮಾಲ್‌ನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ವಾಚು ತೋರಿಸಿ, ಸ್ವಲ್ಪ ನೋಡಬಹುದಾ ಅಂತ ಕೇಳಿದ್ದೆ. ಅಲ್ಲಿದ್ದವನು ನನ್ನ ಜಾಕೆಟ್ ನೋಡಿದ, ಶೂ ನೋಡಿದ. "ಬೆಲೆ ಗೊತ್ತಲ್ಲ?" ಅಂದ. ಬೀಗ ತೆಗೆಯಲಿಲ್ಲ. ನಾನು ನಗ್ತಾ ಹೊರಗೆ ಬಂದೆ. ಯಾಕೆ ನಕ್ಕೆ ಅಂತ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ. ಹನ್ನೆರಡು ವರ್ಷ ಆದ ಮೇಲೆ ನಾನು ಕೊಳ್ಳೋಕೆ ಹೊರಟಿದ್ದು ಆ ಮನುಷ್ಯನಿಗೆ ಉತ್ತರ. ಅವನಿಗೋ ನನ್ನ ಮುಖವೂ ನೆನಪಿರಲ್ಲ.

ಥಾರ್ಸ್‌ಟೀನ್ ವೆಬ್ಲೆನ್ ಅನ್ನೋ ಅರ್ಥಶಾಸ್ತ್ರಜ್ಞ 1899ರಲ್ಲೇ ಇದರ ಬಗ್ಗೆ ಪುಸ್ತಕ ಬರೆದ. ಜನ ದುಬಾರಿ ವಸ್ತು ಕೊಳ್ಳೋದು ಎಷ್ಟೋ ಸಲ ಉಪಯೋಗಕ್ಕಲ್ಲ, ಬೇರೆಯವರ ಕಣ್ಣಿಗೆ ಅಂತ. ವೆಬ್ಲೆನ್ ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಬಂದ ರೈತರ ಮಗ. ವಲಸೆ ಬಂದವರ ಮನೆಯಲ್ಲಿ ಬೆಳೆದವನಿಗೆ ಇದು ಬೇಗ ಕಂಡಿದ್ದರೆ ಆಶ್ಚರ್ಯ ಇಲ್ಲ. ನಿಮ್ಮಲ್ಲಿ ಇಲ್ಲೇ ಹುಟ್ಟಿ ಬೆಳೆದವರು, ಅಪ್ಪ ಅಮ್ಮ ಯಾಕೆ ಅಷ್ಟು ದೊಡ್ಡ ಕಾರು ತಗೊಂಡರು ಅಂತ ನಕ್ಕಿರಬಹುದು. ನಗಿ, ಪರವಾಗಿಲ್ಲ. ಆದರೆ ಅವರಿಗೂ ಯಾವುದೋ ಅಂಗಡಿಯಲ್ಲಿ ಯಾರೋ ಬೀಗ ತೆಗೆಯದೇ ಇದ್ದಿರಬಹುದು.

ಮೂರನೇ ದಿನ ಅಮ್ಮನಿಗೆ ಫೋನ್ ಮಾಡಿ ನಿಜವಾದ ಬೆಲೆ ಹೇಳಿದೆ. ರೂಪಾಯಿಯಲ್ಲಿ ಎಂಟೊಂಬತ್ತು ಲಕ್ಷ. ಅಮ್ಮ ಬೈಯಬಹುದು ಅಂದುಕೊಂಡಿದ್ದೆ. "ದಿನಾ ಕೀ ಕೊಡಬೇಕಾ ಅದಕ್ಕೆ?" ಅಂತ ಕೇಳಿದರು. ಬೇಡಮ್ಮ, ಕೈ ಆಡಿಸ್ತಾ ಇದ್ರೆ ತಾನೇ ನಡೆಯುತ್ತೆ ಅಂದೆ. "ನಿಮ್ಮಪ್ಪನದಕ್ಕೆ ಕೊಡಬೇಕಿತ್ತು" ಅಂದರು.

ಅಪ್ಪನ ವಾಚು ಎಚ್‌ಎಂಟಿ. ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಕೈಗಡಿಯಾರ ಮಾಡೋಕೆ ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೆಲಸ ಸಿಕ್ಕರೆ, ಮದುವೆ ಆದರೆ, ನಿವೃತ್ತಿ ಆದರೆ ಎಚ್‌ಎಂಟಿ. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಕಂಪನಿಯನ್ನ ಮುಚ್ಚೋ ತೀರ್ಮಾನ ಮಾಡಿತು.

ನನ್ನ ತಲೆಯಲ್ಲಿ ಒಂದು ಚಿತ್ರ ಇತ್ತು. ಅಪ್ಪ ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಗುಮಾಸ್ತ. ಅವರದು ಸರಳ ವಾಚು, ಪ್ರಾಮಾಣಿಕ ವಾಚು. ನನ್ನದು ದೌಲತ್ತಿನ ವಾಚು. ಅಮ್ಮ ಆ ಚಿತ್ರ ಒಡೆದು ಹಾಕಿದರು. ಅಪ್ಪ ಅದನ್ನ ಕಂತಿನಲ್ಲಿ ತಗೊಂಡಿದ್ದರಂತೆ. ಅಜ್ಜಿಗೆ ಮಾತ್ರ "ಮಿಲ್ಲಿನವರು ಅರ್ಧ ಬೆಲೆಗೆ ಕೊಡಿಸಿದರು" ಅಂತ ಸುಳ್ಳು ಹೇಳಿದ್ದರಂತೆ. ಅಂದರೆ ಬೆಲೆಯ ಬಗ್ಗೆ ಸುಳ್ಳು ಹೇಳೋದು ನಾನು ಅಮೆರಿಕದಲ್ಲಿ ಕಲಿತ ವಿದ್ಯೆ ಅಲ್ಲ, ಮನೆತನದ ಆಸ್ತಿ.

ನಾನು ನಕ್ಕೆ. ಅಮ್ಮನೂ ನಕ್ಕರು. ಆಮೇಲೆ ಅಂದರು, "ಆ ವರ್ಷ ನಾನು ಕನ್ನಡಕ ಮಾಡಿಸ್ಕೋಬೇಕಿತ್ತು. ಮುಂದಕ್ಕೆ ಹಾಕಿದೆ. ಬ್ಲೌಸ್ ಹೊಲಿಯೋವಾಗ ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆ ಹುಡುಗಿನ ಕರೀತಿದ್ದೆ."

ಅಪ್ಪನಿಗೆ ಗೊತ್ತಿತ್ತಾ ಅಂತ ಕೇಳಿದೆ.

"ಅವರಿಗೆ ಹೇಳಲಿಲ್ಲ. ಕೈಯಲ್ಲಿ ಚೆನ್ನಾಗಿ ಕಾಣ್ತಿತ್ತು ಬಿಡು."

ಅಪ್ಪ ಈಗಿಲ್ಲ. ತಾನು ಕಂತು ಕಟ್ಟಿ ಬೆಲೆ ತೀರಿಸಿದೆ ಅಂತಲೇ ಅವರು ಕೊನೆವರೆಗೂ ನಂಬಿದ್ದರು. ಆ ಬೆಲೆಯ ಒಂದು ಪಾಲನ್ನ ಅದೇ ಮನೆಯಲ್ಲಿ, ಎರಡು ಅಡಿ ದೂರದಲ್ಲಿ, ಇನ್ನೊಬ್ಬರು ಸದ್ದಿಲ್ಲದೆ ಕಟ್ಟುತ್ತಾ ಇದ್ದರು.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಬೆಲೆ ಎಷ್ಟು ಅನ್ನೋದು ಸುಲಭದ ಪ್ರಶ್ನೆ, ಚೀಟಿ ಮೇಲೆ ಬರೆದಿರುತ್ತೆ. ಬೆಲೆ ಯಾರು ಕೊಡ್ತಾರೆ ಅನ್ನೋದು ಬೇರೆ ಪ್ರಶ್ನೆ.

ರಾಯಲ್ ಓಕ್ ಬಂದ ಅದೇ 1972ರಲ್ಲಿ ಪೀಟರ್ ಸಿಂಗರ್ ಅನ್ನೋ ಯುವ ತತ್ವಶಾಸ್ತ್ರಜ್ಞರ ಒಂದು ಲೇಖನ ಪ್ರಕಟವಾಯಿತು. ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದಿದ್ದ ಸಮಯದಲ್ಲಿ ಬರೆದದ್ದು. ಅದರ ವಾದ ಸರಳ. ದಾರಿಯಲ್ಲಿ ಹೋಗುವಾಗ ಕೊಳದಲ್ಲಿ ಮಗುವೊಂದು ಮುಳುಗ್ತಾ ಇದ್ದರೆ, ಬಟ್ಟೆ ಕೆಸರಾಗುತ್ತೆ ಅಂತ ಸುಮ್ಮನೆ ನಿಲ್ತೀರಾ? ಇಲ್ಲ. ಹಾಗಾದರೆ ಮಗು ದೂರದ ದೇಶದಲ್ಲಿ ಇದ್ದ ಮಾತ್ರಕ್ಕೆ ಕರ್ತವ್ಯ ಹೇಗೆ ಕಮ್ಮಿ ಆಗುತ್ತೆ? ನನ್ನ ವಾಚು 300 ಮೀಟರ್ ಆಳಕ್ಕೆ ಇಳಿಯಬಲ್ಲದು. ಸಿಂಗರ್ ಹೇಳೋ ಮಗು ಇರೋದು ಆಳವೇ ಇಲ್ಲದ ಕೊಳದಲ್ಲಿ.

ಈಗ ಮೂರನೇ ಕಾರಣಕ್ಕೆ ಬರೋಣ, ನನ್ನ ದುಡಿಮೆ, ನನ್ನ ಹಣ. ಶ್ರಮ ನನ್ನದು, ನಿಜ. ಆದರೆ ನಾನು ಓದಿದ ಕಾಲೇಜಿಗೆ ಸರ್ಕಾರ ದುಡ್ಡು ಹಾಕಿತ್ತು, ಅಂದರೆ ತೆರಿಗೆ ಕಟ್ಟಿದ ಜನ. ನನ್ನಷ್ಟೇ ಓದಿದ ಗೆಳೆಯನಿಗೆ ವೀಸಾ ಸಿಗಲಿಲ್ಲ. "ನನ್ನ ಹಣ" ಅನ್ನೋದರಲ್ಲಿ ನನ್ನದಲ್ಲದ್ದೂ ತುಂಬಾ ಇದೆ. ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟ ನಮ್ಮ ಶರಣರಿಗೆ ಇದು ಹನ್ನೆರಡನೇ ಶತಮಾನದಲ್ಲೇ ಗೊತ್ತಿತ್ತು. ದುಡಿಮೆ ಮುಗಿದ ಮೇಲೂ ಹಂಚೋ ಕೆಲಸ ಬಾಕಿ ಇರುತ್ತೆ.

ಸಿಂಗರ್ ಮಾತನ್ನ ಪೂರ್ತಿ ಪಾಲಿಸಿದರೆ ಬದುಕೋದೇ ಕಷ್ಟ ಅಂತ ನೀವು ಹೇಳಬಹುದು. ಕಾಫಿ ಕುಡಿಯೋ ಹಾಗಿಲ್ಲ, ಸಿನಿಮಾ ನೋಡೋ ಹಾಗಿಲ್ಲ. ಸೂಸನ್ ವುಲ್ಫ್ ಅನ್ನೋ ತತ್ವಜ್ಞಾನಿ 1982ರಲ್ಲಿ ಇದಕ್ಕೆ ಹತ್ತಿರದ ಮಾತು ಬರೆದರು. ಪ್ರತಿ ಕ್ಷಣವೂ ಒಳ್ಳೇದೇ ಮಾಡ್ತಾ ಇರೋ ಮನುಷ್ಯನ ಬದುಕಿನಲ್ಲಿ ಸಂಗೀತಕ್ಕೆ, ಆಟಕ್ಕೆ, ರುಚಿಗೆ ಜಾಗ ಇರಲ್ಲ, ಅಂಥ ಬದುಕನ್ನ ಆದರ್ಶ ಅಂತ ಒಪ್ಪಬೇಕಾಗಿಲ್ಲ ಅಂತ. ನಾನು ಒಪ್ತೀನಿ. ಆದರೆ ಪೂರ್ತಿ ಪಾಲಿಸೋಕೆ ಆಗಲ್ಲ ಅನ್ನೋದು ಸ್ವಲ್ಪವೂ ಪಾಲಿಸದೇ ಇರೋಕೆ ಕಾರಣ ಆಗಲ್ಲ.

ಆ ರಾತ್ರಿ ಮನೆ ಖರ್ಚಿನ ಸ್ಪ್ರೆಡ್‌ಶೀಟ್ ತೆಗೆದೆ. ಕೊಟ್ಟಿದ್ದೆಲ್ಲ ಅದರಲ್ಲಿತ್ತು. ಕೊಡದೇ ಇದ್ದದ್ದು ಎಲ್ಲೂ ಇರಲಿಲ್ಲ. ಹೊಸ ಕಾಲಂ ಸೇರಿಸಿ ಅದಕ್ಕೆ "ನೋಡೋಣ" ಅಂತ ಹೆಸರಿಟ್ಟೆ.

ಕನ್ನಡ ಕಲೀತಾ ಇರೋರಿಗೆ ಒಂದು ಮಾತು. ನೋಡೋಣ ಅಂದರೆ ಎಲ್ಲರೂ ಸೇರಿ ನೋಡೋಣ ಅಂತ ನೀವು ಓದಿರ್ತೀರಿ. ಮನೆಗಳಲ್ಲಿ ಅದರ ಅರ್ಥ ಬೇರೆ. ಇಲ್ಲ ಅಂತ ಮುಖದ ಮೇಲೆ ಹೇಳೋಕೆ ಆಗದಾಗ ನಾವು ನೋಡೋಣ ಅಂತೀವಿ. ಕೇಳಿದವರು ಮತ್ತೆ ಕೇಳೋದಿಲ್ಲ.

ಕಾಲಂನಲ್ಲಿ ಮೂರು ಸಾಲು ಬಂದವು. ಒಂದು, ಹೆಂಡತಿ ಕೆಲಸದ ಗಂಟೆ ಕಮ್ಮಿ ಮಾಡಿ ಟೀಚಿಂಗ್ ಸರ್ಟಿಫಿಕೇಟ್ ಮಾಡ್ಲಾ ಅಂತ ಕೇಳಿದ್ದಳು. ಮುಂದಿನ ವರ್ಷ ನೋಡೋಣ ಅಂದಿದ್ದೆ. ಎರಡು, ಚಿಕ್ಕಪ್ಪನ ಮೊಮ್ಮಗಳ ಹಾಸ್ಟೆಲ್ ಫೀಸು. ಮೂರು, ನಾನು ಓದಿದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಹೆಣ್ಣುಮಕ್ಕಳ ಶೌಚಾಲಯದ ರಿಪೇರಿಗೆ ಕಳಿಸಿದ್ದ ವಾಟ್ಸ್ಯಾಪ್ ಮೆಸೇಜು. ಆ ಮೆಸೇಜಿಗೆ ಕೈ ಮುಗಿಯೋ ಎಮೋಜಿ ಹಾಕಿ ಬಿಟ್ಟಿದ್ದೆ. ಈ ಮೂರೂ "ನೋಡೋಣ"ಗಳ ವಯಸ್ಸು, ವಾಚಿಗೆ ನಾನು ಕಾದ ಒಂದೂವರೆ ವರ್ಷದ ಒಳಗೇ ಇತ್ತು. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀತಾ ಇದ್ದವರು ನನ್ನ ಮನೆಯಲ್ಲೂ ಇದ್ದರು. ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಈಗ ಗೊತ್ತಾಗಿತ್ತು.

ಶುಕ್ರವಾರ ಅಂಗಡಿಗೆ ಫೋನ್ ಮಾಡಿ, ಮುಂದಿನವರಿಗೆ ಕೊಟ್ಟುಬಿಡಿ ಅಂದೆ. ಮತ್ತೆ ಬೇಕಾದರೆ ಪಟ್ಟಿಯ ಕೊನೆಗೆ ಹೋಗಬೇಕಾಗುತ್ತೆ ಅಂದರು. ಸರಿ ಅಂದೆ. ಹೆಂಡತಿಯ ಕೋರ್ಸು ಸೆಪ್ಟೆಂಬರಿಗೆ ಶುರು. ಫೀಸು ಕಟ್ಟಿ ಆಯ್ತು. ಹೆಡ್‌ಮಾಸ್ಟರಿಗೆ ಈ ಸಲ ಎಮೋಜಿ ಕಳಿಸಲಿಲ್ಲ. ಇದರಿಂದ ನಾನೇನೂ ಸಂತನಾಗಿಲ್ಲ. ರಾತ್ರಿ ಈಗಲೂ ಆ ವಾಚಿನ ವಿಡಿಯೋ ನೋಡ್ತೀನಿ. ಆ ಅಂಗಡಿಯವನ ಮೇಲಿನ ಸಿಟ್ಟೂ ಪೂರ್ತಿ ಹೋಗಿಲ್ಲ.

ನಿಮಗೆ ವಾಚು ಕೊಳ್ಳಬೇಡಿ ಅಂತ ನಾನು ಹೇಳ್ತಾ ಇಲ್ಲ. ಕೊಳ್ಳೋ ಮೊದಲು ಒಂದು ಹಾಳೆ ತಗೊಳ್ಳಿ. ಹೋದ ವರ್ಷದಿಂದ ಯಾರ್ಯಾರಿಗೆ "ನೋಡೋಣ" ಅಂದಿದ್ದೀರಿ ಅಂತ ಹೆಸರು ಹಿಡಿದು ಬರೀರಿ. ಮನೆಯವರನ್ನೂ ಕೇಳಿ, ಯಾಕಂದ್ರೆ ಕನ್ನಡಕ ಮುಂದಕ್ಕೆ ಹಾಕಿದವರು ತಾವಾಗಿ ಹೇಳೋದಿಲ್ಲ. ಆ ಹೆಸರುಗಳಿಗೆಲ್ಲ ಉತ್ತರ ಕೊಟ್ಟ ಮೇಲೂ ಹಣ ಉಳಿದು, ಆಸೆಯೂ ಉಳಿದಿದ್ದರೆ, ಹೋಗಿ ತಗೊಳ್ಳಿ, ಖುಷಿಯಾಗಿ ಕಟ್ಟಿಕೊಳ್ಳಿ. ಭಾನುವಾರ ಅಮ್ಮ ಕೇಳಿದಾಗ ನಿಜವಾದ ಬೆಲೆಯನ್ನೇ ಹೇಳಿ.