ಹೊಸ್ತಿಲಿಗೆ ಒಂದು ಬಿನ್ನಹ

ಹೊಸ್ತಿಲ ತಾಯಿ, ನೀರು ಹಾಕಿ ಒರೆಸಿ, ಅರಿಶಿನ ಹಚ್ಚಿ, ಎರಡೆಳೆ ರಂಗೋಲಿ ಬಿಟ್ಟು ನಿನ್ನ ಮುಂದೆ ಕೂತಿದ್ದೇನೆ. ಇಷ್ಟು ವರ್ಷ ಬೇಡಿದ್ದೆಲ್ಲ ಒಳಗಿನವರಿಗಾಗಿಯೇ. ಇವತ್ತು ಹೊರಗಿನವರ ಮಾತು.

ನಮ್ಮ ಬೀದಿಯ ತುದಿಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಕಟ್ಟುತ್ತಿರುವವರು ಯಾದಗಿರಿ, ರಾಯಚೂರು ಕಡೆಯವರು. ಪಕ್ಕದ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ ಶೆಡ್ಡು. ಬಾಗಿಲು ಬಾಗಿಲಿಗೂ ನಿನ್ನನ್ನು ಕೂರಿಸುವ ಗೌಂಡಿಗೆ ತನ್ನದೆಂಬ ಹೊಸ್ತಿಲಿಲ್ಲ. ಗೃಹಪ್ರವೇಶ ಶುರುವಾಗುವ ಹೊತ್ತಿಗೆ ಅವನ ಶೆಡ್ಡು ಕಿತ್ತಿರುತ್ತದೆ.

2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಫುಟ್‌ಪಾತು, ಫ್ಲೈಓವರಿನಡಿ, ರೈಲ್ವೆ ನಿಲ್ದಾಣ ಸುತ್ತಿ ಎಣಿಸಿದಾಗ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. ಕಣ್ಣಿಗೆ ಬಿದ್ದವರಷ್ಟೇ, ತಾಯಿ.

ನನ್ನದೂ ತಪ್ಪಿದೆ. ಅಜ್ಜನ ಮನೆಗೆ ಜಗಲಿಯಿತ್ತು. ಹೊತ್ತು ಮುಳುಗಿ ಬಂದ ದಾರಿಹೋಕರು ಅಲ್ಲೇ ಮಲಗಿ ಹೋಗುತ್ತಿದ್ದರು. (ಎಲ್ಲ ಜಾತಿಯವರಿಗೂ ಆ ಜಗಲಿ ಸಿಗುತ್ತಿರಲಿಲ್ಲ. ನಿನ್ನೆದುರು ಅದನ್ನು ಮುಚ್ಚಿಡಲಾರೆ.) ನಾನು ಕಟ್ಟಿಸಿದ ಮನೆಗೆ ಜಗಲಿಯೇ ಇಲ್ಲ, ಗ್ರಿಲ್ಲಿದೆ.

ಫಿನ್ಲೆಂಡಿನವರು 2008ರಿಂದ ಒಂದು ಕ್ರಮ ಹಿಡಿದರು. ಮನೆಯಿಲ್ಲದವರಿಗೆ ಕುಡಿತ ಬಿಟ್ಟು ಬಾ, ಕೆಲಸ ಹಿಡಿದು ಬಾ ಎನ್ನದೆ ಮೊದಲು ಮನೆಯ ಬೀಗದ ಕೈ ಕೊಟ್ಟರು, ಬಾಡಿಗೆ ಕರಾರು ಅವರ ಹೆಸರಿಗೇ. ಸಾಲು ಮಂಚದ ತಂಗುದಾಣಗಳು ಪುಟ್ಟ ಪುಟ್ಟ ಮನೆಗಳಾದವು. 1987ರಲ್ಲಿ 18 ಸಾವಿರ ದಾಟಿದ್ದ ಅಂಥವರ ಸಂಖ್ಯೆ 2023ಕ್ಕೆ 3,500ರ ಒಳಗೆ ಬಂತು. 2024ರಲ್ಲಿ ಮತ್ತೆ ಏರಿತು. ವಸತಿ ಭತ್ಯೆಗೆ ಕತ್ತರಿ ಬಿದ್ದದ್ದೂ ಆ ವರ್ಷವೇ. ಹಾಗಾಗಿ ನಮ್ಮ ಶೆಡ್ಡಿನವರಿಗೆ ಗೋಡೆ, ಸೂರು ಕೊಡಿಸಿ ಸುಮ್ಮನಾಗಬೇಡ. ಕೂಲಿ ತಪ್ಪಿದ ತಿಂಗಳು, ಸಾರುವೆಯಿಂದ ಬಿದ್ದು ಕಾಲು ಮುರಿದ ತಿಂಗಳು ಬಾಡಿಗೆ ಕಟ್ಟುವಷ್ಟು ದುಡ್ಡೂ ಅವರ ಕೈಗೆ ಬರಲಿ, ದಾನವಾಗಿ ಅಲ್ಲ, ಹಕ್ಕಾಗಿ.

2020ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಸಾಮಾಜಿಕ ಅಭಿವೃದ್ಧಿ ಆಯೋಗವೂ ಕೈಗೆಟುಕುವ ಮನೆ, ಸಾಮಾಜಿಕ ರಕ್ಷಣೆ ಎರಡನ್ನೂ ಒಟ್ಟಿಗೇ ಹೇಳಿತ್ತು. ಮರುತಿಂಗಳು ಕೊರೋನಾ ಲಾಕ್‌ಡೌನ್ ಬಂತು, ಎಲ್ಲರೂ ಮನೆಯಲ್ಲೇ ಇರಿ ಅಂದರು.

ಮನೆ ಕೇಳಿಕೊಂಡು ಬಂದವರನ್ನು ಮನೆಯ ವಿಳಾಸ ಕೇಳುವ ಬುದ್ಧಿ ನಮ್ಮದು. ಅದನ್ನು ಮೊದಲು ತಿದ್ದು.

ನಿನ್ನೆ ಶೆಡ್ಡಿನ ಮುಂದೆ ಒಬ್ಬ ಹೆಣ್ಣುಮಗಳು ಟಾರ್ಪಾಲಿನ ಅಂಚನ್ನು ಎತ್ತಿ ಕಟ್ಟಿ, ಸಿಮೆಂಟಿನ ಧೂಳಿಗೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. "ಹೊಸ್ತಿಲೇ ಇಲ್ವಲ್ಲಮ್ಮ, ಪೂಜೆ ಯಾವುದಕ್ಕೆ?" ಅಂದೆ. "ಇದ ಐತಲ್ರೀ" ಎಂದು ತೋರಿಸಿದಳು. ಅರ್ಧ ಇಟ್ಟಿಗೆ. ಅದಕ್ಕೆ ಅರಿಶಿನ, ಕುಂಕುಮ, ಒಂದು ಕಣಗಿಲೆ ಹೂವು.

ಅಲ್ಲಿಗೆ ಹೋಗು ತಾಯಿ. ಮುಂಗಾರು ಹಿಡಿಯುವ ಮುಂಚೆ ಹೋಗು.